ಲೆಕ್ಕಕ್ಕೆ ಬಾರದ ತೊಟ್ಟಿ

ಮೈಸೂರಿನ ಅಗ್ರಹಾರದಲ್ಲಿ ನಮ್ಮ ಮಾವನವರು ಕೊಂಡಿದ್ದ ಹಳೆಯ ತೊಟ್ಟಿಮನೆ 1988ರಲ್ಲಿ ಎರಡಾಯಿತು. 16 ಅಂಕಣದ ಮನೆ. ಭಾವನವರಿಗೆ 8, ನಮಗೆ 8. ಅಂಕಣವೆಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ಹಿಂದಿನವರು ಮನೆ ಅಳೆಯುತ್ತಿದ್ದುದೇ ಹಾಗೆ. ನಡುವಿನ ತೊಟ್ಟಿಗೆ ಮೇಲೆ ಸೂರಿಲ್ಲವಾಗಿ ಅದು ಲೆಕ್ಕಕ್ಕೆ ಬರಲಿಲ್ಲ. ಗೋಡೆ ಎದ್ದದ್ದು ಅದರ ಮಧ್ಯದಲ್ಲೇ.

ಆಮೇಲೆ ತೊಟ್ಟಿಯ ಬೆಲೆ ತಿಳಿಯಿತು ನೋಡಿ. ಇಂಗ್ಲಿಷರ ಕಾಲದ ಬಂಗಲೆಯಾದರೆ ಸುತ್ತ ಬಯಲು, ನಾಲ್ಕು ಕಡೆಗೂ ಕಿಟಕಿ; ನಡುವೆ ಗೋಡೆ ಹಾಕಿ ಎರಡು ಸಂಸಾರ ಹೂಡಿದರೂ ಇಬ್ಬರಿಗೂ ಬೆಳಕು ಉಳಿಯುತ್ತದೆ. ನಮ್ಮ ಮನೆ ಹಾಗಲ್ಲ. ಅಕ್ಕಪಕ್ಕದ ಮನೆಗಳು ಅಂಟಿಕೊಂಡಿದ್ದುದರಿಂದ ಪಕ್ಕಕ್ಕೆ ಕಿಟಕಿಯೇ ಇರಲಿಲ್ಲ. ಬೆಳಕು, ಗಾಳಿ ಎಲ್ಲವೂ ತೊಟ್ಟಿಯಿಂದಲೇ. ಸುತ್ತಲಿನ ಹೆಂಚಿನ ಸೂರು ಒಳಕ್ಕೆ ಇಳಿಜಾರಾಗಿದ್ದು, ಮಳೆನೀರು ತೊಟ್ಟಿಗೆ ಬಿದ್ದು ಕಲ್ಲಿನ ಕಾಲುವೆಯಲ್ಲಿ ಹೊರಗೆ ಹರಿಯುತ್ತಿತ್ತು. ಒಳಗಿನ ಸೆಕೆ ಅಲ್ಲಿಂದಲೇ ಮೇಲೇರಿ ಹೋಗುತ್ತಿತ್ತು. ಗೋಡೆ ಬಂದ ಮೇಲೆ ನಡುಮನೆಯಲ್ಲಿ ಅಕ್ಕಿ ಆರಿಸಲು ಮಧ್ಯಾಹ್ನವೇ ದೀಪ ಹಾಕಬೇಕಾಯಿತು.

ಲೆಕ್ಕಕ್ಕೆ ಬಾರದವಳು ಇನ್ನೊಬ್ಬಳಿದ್ದಳು, ನನ್ನ ನಾದಿನಿ. ಅತ್ತೆಯವರು ಮೊದಲೇ ತೀರಿಕೊಂಡಿದ್ದರು. ಮಾವನವರು ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವರ ಸ್ವಯಾರ್ಜಿತ ಮನೆಯಲ್ಲಿ ಮಗಳಿಗೂ ಗಂಡುಮಕ್ಕಳಷ್ಟೇ ಪಾಲು. ಆದರೆ ಅಣ್ಣತಮ್ಮಂದಿರು ಪಾಲಾಗುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಭಾಗ ಕೇಳುವಂತಿಲ್ಲ ಎಂದು ಅದೇ ಕಾಯಿದೆಯ 23ನೆಯ ಕಲಮು ಹೇಳುತ್ತಿತ್ತು. ಆ ಕಲಮನ್ನು ತೆಗೆದುಹಾಕಿದ್ದು 2005ರಲ್ಲಿ. ನಮ್ಮಲ್ಲಿ ಗಂಡುಮಕ್ಕಳೇ ಪಾಲಿಗೆ ನಿಂತಿದ್ದರು, ಅವಳು ಕೇಳಬಹುದಿತ್ತು. “ನನಗೇನೂ ಬೇಡ ಅತ್ತಿಗೆ, ಗೌರಿಹಬ್ಬಕ್ಕೆ ಕರೆದರೆ ಸಾಕು” ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಪೆನ್ನು ಕೊಟ್ಟವಳು ನಾನೇ.

ಅವಳದು ಎಷ್ಟು ದೊಡ್ಡ ಮನಸ್ಸು ಎಂದು ಆಗ ಎಲ್ಲರೆದುರು ಹೊಗಳಿದೆ. ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ: ಇಲ್ಲವೆನ್ನಲು ಹೆದರುವವರು ಬಿಟ್ಟುಕೊಟ್ಟದ್ದನ್ನು ಔದಾರ್ಯ ಎನ್ನಬಹುದೇ? ಪಾಲು ಕೇಳಿದರೆ ತೌರು ತಪ್ಪೀತೆಂಬ ಅಂಜಿಕೆ ಅವಳ ಮಾತಿನಲ್ಲೇ ಇತ್ತು. ಕಾನೂನಿನ ಕಣ್ಣಿಗೆ ನಮ್ಮ ಕಾಗದಪತ್ರ ಸರಿಯಾಗಿಯೇ ಇತ್ತು. “ನಿನ್ನ ಪಾಲು ಇಲ್ಲಿದೆ, ಬೇಕೋ ಬೇಡವೋ ನಿಧಾನವಾಗಿ ಯೋಚಿಸಿ ಹೇಳು” ಎಂದು ಮಾತ್ರ ನಮ್ಮಲ್ಲಿ ಒಬ್ಬರೂ ಅನ್ನಲಿಲ್ಲ.

ಆ ವರ್ಷ ಗೌರಿಹಬ್ಬಕ್ಕೆ ಬಂದಳು. ಬೀದಿಗೆ ಈಗ ಎರಡು ಬಾಗಿಲು. ಒಂದರಲ್ಲಿ ನನ್ನ ಓರಗಿತ್ತಿ, ಇನ್ನೊಂದರಲ್ಲಿ ನಾನು, ಇಬ್ಬರೂ “ಬಾರೇ” ಎಂದೆವು. ಯಾವ ಹೊಸ್ತಿಲು ಮೊದಲು ದಾಟಬೇಕೆಂದು ತಿಳಿಯದೆ ಅವಳು ಜಗಲಿಯ ಮೇಲೆಯೇ ಕುಳಿತು ನೀರು ಕೇಳಿದಳು. ಜಗಲಿಗೆ ಇನ್ನೂ ಗೋಡೆ ಬಂದಿರಲಿಲ್ಲ.

ನಮ್ಮ ಭಾಗವನ್ನು ಯಜಮಾನರು ನನ್ನ ಹೆಸರಿಗೆ ಬರೆದು ಹೋದರು. ಈಗ ನಾನು ಉಯಿಲು ಬರೆಯಬೇಕು. ಮಗ, ಮಗಳ ಜೊತೆಗೆ ನಾದಿನಿಯ ಹೆಸರನ್ನೂ ಸೇರಿಸುತ್ತೇನೆಂದಾಗ ಮಗ, “ಅತ್ತೆ ಕೇಳೇ ಇಲ್ಲವಲ್ಲಮ್ಮ” ಎಂದ.

ಅಂದು ನಾವೂ ಇದೇ ಮಾತು ಹೇಳಿಕೊಂಡಿದ್ದೆವು.