ಅರ್ಬುತನ ಸಾವನ್ನು ಚಿತ್ರಿಸುವುದು ಹೇಗೆ?

ಗೋವಿನ ಹಾಡನ್ನು ಅನಿಮೇಷನ್‌ಗೆ ತರುವವರಿಗೆ ಎದುರಾಗುವ ಕಠಿಣ ಪ್ರಶ್ನೆ ಹಸುವಿನದಲ್ಲ, ಹುಲಿಯದು. ಹಸು ಪುಣ್ಯಕೋಟಿ ಕರುವಿಗೆ ಹಾಲೂಡಿಸಿ, ಹುಲಿಗೆ ಕೊಟ್ಟ ಮಾತಿನಂತೆ ಮರಳುತ್ತದೆ. ಹುಲಿ ಅರ್ಬುತ ಅದನ್ನು ತಿನ್ನಲಾರದೆ ಪ್ರಾಣ ಬಿಡುತ್ತದೆ. ಬೇಟೆಯಾದರೋ ಹುಲಿಯ ಸಹಜಧರ್ಮ. ಹಾಗಿದ್ದರೆ ಆ ಸಾವು ಪ್ರಾಯಶ್ಚಿತ್ತವೋ, ಸತ್ಯದೆದುರು ಸ್ವಭಾವವನ್ನೇ ತೊರೆದ ತ್ಯಾಗವೋ?

ಪದ್ಮಪುರಾಣದ ನಂದಾ ಧೇನುವಿನ ಕಥೆಯಲ್ಲಿ ಈ ಇಕ್ಕಟ್ಟಿಲ್ಲ. ಅಲ್ಲಿನ ಹುಲಿ ಶಾಪಗ್ರಸ್ತ ರಾಜ ಪ್ರಭಂಜನ. ಹಸುವಿನ ಹೆಸರು ಕೇಳಿದೊಡನೆ ಅವನ ಶಾಪ ಕಳೆಯುತ್ತದೆ. ಕನ್ನಡದ ಹಾಡು ಅಂಥ ಸುಲಭದ ದಾರಿ ಹಿಡಿಯಲಿಲ್ಲ. ಅದರ ಹಿರಿಮೆ ಇರುವುದೇ ಅಲ್ಲಿ.

ಹಾಡಿನಲ್ಲಿ ಈ ಸಂದಿಗ್ಧವನ್ನು ಕೇಳುಗರಿಗೇ ಬಿಡಬಹುದು. ಚಿತ್ರಕಾರ ಮಾತ್ರ ಹುಲಿಗೊಂದು ಮುಖ ಬರೆಯಲೇಬೇಕು. ಹುಬ್ಬು ತುಸು ಗಂಟಿಕ್ಕಿದರೂ ಅದು ಖಳನಾಗಿಬಿಡುತ್ತದೆ. ಮಕ್ಕಳಿಗೆಂದು ಸಾವನ್ನೇ ಕೈಬಿಟ್ಟರೆ ಸತ್ಯಕ್ಕೆ ತೆರಬೇಕಾದ ಬೆಲೆ ಮರೆಯಾಗುತ್ತದೆ.

ವಿ. ರವಿಶಂಕರ್ ಈ ಕಥೆಯನ್ನು ಆಧರಿಸಿ ಇಳಯರಾಜಾ ಸಂಗೀತದೊಡನೆ ಸಂಸ್ಕೃತದಲ್ಲಿ ಪೂರ್ಣಾವಧಿಯ ಅನಿಮೇಷನ್ ಚಿತ್ರ ‘ಪುಣ್ಯಕೋಟಿ’ (2020) ಮಾಡಿದರು. ಕಿರುಚಿತ್ರಕ್ಕೆ ಅಷ್ಟು ಹಿಗ್ಗುವ ಅವಕಾಶವಿಲ್ಲ. ಆದರೂ ಹಸು ದೊಡ್ಡಿಯಿಂದ ಗವಿಗೆ ನಡೆಯುವ ದಾರಿಯನ್ನು ಮೊಟಕುಗೊಳಿಸಬಾರದು. ಆಗ ಹಸುವನ್ನು ಕಾಯುವವರಿಲ್ಲ, ಹಿಡಿದೆಳೆಯುವವರೂ ಇಲ್ಲ. ಪುಣ್ಯಕೋಟಿ ಸತ್ಯವನ್ನು ತಾನಾಗಿ ಆರಿಸಿಕೊಳ್ಳುವುದು ಆ ನಡಿಗೆಯಲ್ಲೇ.