ಇದು ಯಾವ ಖಾತೆಗೆ?

ಖರ್ಚಿನ ಲೆಕ್ಕ ಇಡುವ ತಂತ್ರಾಂಶಗಳು ಈಗ ನಮ್ಮನ್ನು ಕೇಳದೆಯೇ ಇದು ದಿನಸಿ, ಇದು ಔಷಧಿ, ಇದು ಹೋಟೆಲು ಎಂದು ವಿಂಗಡಿಸಿಬಿಡುತ್ತವೆ. ಅವಕ್ಕೆ ಹೇಗೆ ಗೊತ್ತಾಗುತ್ತದೆ? ಕಾರ್ಡು ಉಜ್ಜಿದ್ದರೆ ಕೆಲಸ ಸುಲಭ. ಪ್ರತಿ ಅಂಗಡಿಗೂ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ: 5411 ಎಂದರೆ ದಿನಸಿ, 5812 ಹೋಟೆಲು, 5912 ಔಷಧದಂಗಡಿ. ಅಲ್ಲಿ ನಾನು ಕೊಂಡದ್ದು ಬರೀ ಚಾಕೊಲೇಟ್ ಆದರೂ ಲೆಕ್ಕದಲ್ಲಿ ನಾನು ರೋಗಿಯೇ.

2016ರಲ್ಲಿ ಯುಪಿಐ ಬಂದಮೇಲೆ ನಮ್ಮಲ್ಲಿ ಈ ಸುಲಭವೂ ಎಷ್ಟೋ ಕಡೆ ತಪ್ಪಿಹೋಯಿತು. ಹೂ ಮಾರುವವಳಿಗೆ ಕೊಟ್ಟ 40 ರೂಪಾಯಿ ಬ್ಯಾಂಕಿನ ವಿವರದಲ್ಲಿ ಅವಳ ಮಗನ ಹೆಸರಿಗೆ ಹೋಗಿರುತ್ತದೆ. ಆತ ವ್ಯಾಪಾರಿಯೋ, ನನ್ನ ನೆಂಟನೋ, ಯಂತ್ರಕ್ಕೇನು ಗೊತ್ತು? ಅದಕ್ಕೆ ಉಳಿಯುವುದು ನನ್ನ ಹಳೆಯ ನಡವಳಿಕೆ ಮಾತ್ರ.

ನಾನು ಬಳಸುವ ಗ್ನೂಕ್ಯಾಶ್ ಇದಕ್ಕೆ 18ನೇ ಶತಮಾನದ ಪಾದ್ರಿ ಥಾಮಸ್ ಬೇಯ್ಸ್‌ನ ಹೆಸರಿನ ಸೂತ್ರವನ್ನು ನೆಚ್ಚಿಕೊಂಡಿದೆ. ಬ್ಯಾಂಕಿನ ಸಾಲನ್ನು ಪದಪದವಾಗಿ ಒಡೆದು, ಒಂದೊಂದು ಪದವೂ ಹಿಂದೆ ಯಾವ ಖಾತೆಗೆ ಎಷ್ಟು ಸಲ ಹೋಗಿತ್ತೆಂದು ಎಣಿಸಿಟ್ಟುಕೊಳ್ಳುತ್ತದೆ. ಹೊಸ ಸಾಲು ಬಂದಾಗ ಆ ಎಣಿಕೆಯ ಮೇಲೆ ಊಹೆ. ಊಹೆ ಗಟ್ಟಿಯಿಲ್ಲದಿದ್ದರೆ ಮೌನ. ಚೆಂದದ ಸಂಗತಿಯೆಂದರೆ ವಾರದ ದಿನವನ್ನೂ ಅದು ಒಂದು ಪದದಂತೆಯೇ ಎಣಿಸುತ್ತದೆ. ನನ್ನ ಭಾನುವಾರಕ್ಕೂ ಮಂಗಳವಾರಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮನೆಯಲ್ಲೂ ಯಾರೂ ಇಷ್ಟು ಶ್ರದ್ಧೆಯಿಂದ ಗಮನಿಸಿದ್ದಿಲ್ಲ.

ಊರಿನ ಹಳೆಯ ಗೆಳೆಯನೊಬ್ಬನಿಗೆ ನಾನು ತಿಂಗಳಿಗೆ 3000 ರೂಪಾಯಿ ಕಳಿಸುತ್ತೇನೆ. ಮೊದಲ ಸಲ ಅವನು ಸಾಲವೆಂದೇ ಕೇಳಿದ. ನಾನೂ 'ಕೈಸಾಲ' ಎಂದು ಬರೆದೆ. ನಾಲ್ಕಾರು ತಿಂಗಳಾಗುವಷ್ಟರಲ್ಲಿ ಯಂತ್ರವೇ ಅವನ ಹೆಸರಿನ ಮುಂದೆ ಕೈಸಾಲ ಎಂದು ತುಂಬಿ ನನ್ನ ಒಪ್ಪಿಗೆಗೆ ಕಾಯತೊಡಗಿತು. ಲೆಕ್ಕಶಾಸ್ತ್ರದಲ್ಲಿ ಕೊಟ್ಟ ಸಾಲ ಆಸ್ತಿ, ಕೊಟ್ಟ ದಾನ ಖರ್ಚು. ಹಾಗಾಗಿ 22 ತಿಂಗಳ 66,000 ರೂಪಾಯಿ ಈಗ ನನ್ನ ಆಸ್ತಿಯ ಪಟ್ಟಿಯಲ್ಲಿ ಕೂತಿದೆ. ಅದು ಬರುವುದಿಲ್ಲವೆಂದು ನನಗೆ ಗೊತ್ತು, ಬಹುಶಃ ಅವನಿಗೂ. ಆದರೂ ಫೋನಿನಲ್ಲಿ ಪ್ರತಿ ಸಲ ಅವನು ಹೇಳುವುದು ಒಂದೇ ಮಾತು, "ಬರೆದಿಟ್ಕೊಂಡಿರು ಮಾರಾಯ."

ಅದನ್ನು 'ದಾನ'ಕ್ಕೆ ವರ್ಗಾಯಿಸಿದರೆ ನನ್ನ ಪುಸ್ತಕ ಸರಿಹೋಗುತ್ತದೆ. ಆದರೆ ಆ ಪುಸ್ತಕದಲ್ಲಿ ಅವನು ಭಿಕ್ಷೆ ಪಡೆದವನಾಗುತ್ತಾನೆ. ತಾನೆಂದೂ ನೋಡದ ಪುಸ್ತಕದಲ್ಲಿ ಒಬ್ಬನಿಗೆ ಅವಮಾನವಾಗಲು ಸಾಧ್ಯವೇ? ಸಾಧ್ಯ ಎಂದೇ ನನಗನ್ನಿಸುತ್ತದೆ. ಅಲ್ಲಿ ಅವನಿಗೆ ನಾನಿಟ್ಟ ಹೆಸರು ಮುಂದಿನ ಫೋನಿನಲ್ಲಿ ನನ್ನ ದನಿಯೊಳಗೆ ಇಳಿಯದೆ ಇರುವುದಿಲ್ಲ. ಬ್ಯಾಂಕುಗಳು 90 ದಿನ ಮೀರಿದ ಬಾಕಿಯನ್ನು ಅನುತ್ಪಾದಕ ಎಂದು ಗುರುತಿಸಬೇಕು. ಅಲ್ಲಿರುವುದು ಠೇವಣಿದಾರರ ದುಡ್ಡು, ಸುಳ್ಳು ಹೇಳಿದರೆ ಅವರಿಗೆ ಮೋಸ. ನನ್ನ ಲೆಕ್ಕ ಯಾರಿಗೂ ಮೋಸ ಮಾಡುತ್ತಿಲ್ಲ. ಅವನು ಮಾತು ಕೊಟ್ಟಿದ್ದಾನೆ, ನಾನು ಅದನ್ನು ದಾಖಲಿಸಿದ್ದೇನೆ. ನೆರವೇರುವ ಸಂಭವ ಎಷ್ಟೆಂದು ಅಳೆಯುವುದು ಬೇಯ್ಸ್‌ನ ಕೆಲಸವಾಗಿರಲಿ.

ಹಾಗಾದರೆ ಯಂತ್ರ ತುಂಬಿದ್ದು ಸರಿಯೇ ಇತ್ತಲ್ಲ ಎನ್ನಬಹುದು. ಉತ್ತರ ಸರಿಯೇ. ಆದರೆ ಅದು ಹೇಳುತ್ತಿದ್ದದ್ದು ನಾನು ಅದಕ್ಕೆ ಹೇಳಿದ್ದನ್ನೇ, ಕಾರಣವನ್ನು ಬಿಟ್ಟು. ಒಂದು ಗುಂಡಿ ಒತ್ತಿದರೆ ಕರೆಂಟು ಬಿಲ್ಲಿನ ಜೊತೆ ಅವನೂ ಮುಗಿದುಹೋಗುತ್ತಿದ್ದ. ಪ್ರತಿ ತಿಂಗಳೂ ಹೊಸದಾಗಿ ಕೊಡುತ್ತಿದ್ದೇನೆ, ಅವನು ಹೊಸದಾಗಿ ಮಾತು ಕೊಡುತ್ತಿದ್ದಾನೆ ಎಂಬುದು ಆ ಗುಂಡಿಯಲ್ಲಿ ಇರಲಿಲ್ಲ.

ಅವನ ಹೆಸರಿನ ಬಗ್ಗೆ ತಂತ್ರಾಂಶ ಕಲಿತದ್ದನ್ನೆಲ್ಲ ಅಳಿಸಿದ್ದೇನೆ. ಈಗ ಆ ಸಾಲು ಯಾವ ಊಹೆಯೂ ಇಲ್ಲದೆ ಬರುತ್ತದೆ. ಅದನ್ನು ಹಾಗೇ ಒಳಗೆ ಬಿಟ್ಟರೆ ಗ್ನೂಕ್ಯಾಶ್ 'ಇಂಬ್ಯಾಲೆನ್ಸ್-ಐಎನ್‌ಆರ್' ಎಂಬ ಖಾತೆಗೆ ಹಾಕುತ್ತದೆ, ತಾಳೆಯಾಗದ್ದೆಲ್ಲ ಬಂದು ಬೀಳುವ ಜಾಗ ಅದು. ಕಳೆದ ತಿಂಗಳ 3000 ಅಲ್ಲಿ ಎರಡು ದಿನ ಇತ್ತು. ಆಮೇಲೆ ಅವನಿಗೊಂದು ಫೋನು ಮಾಡಿ, ಕೈಸಾಲ ಎಂದು ಟೈಪಿಸಿದೆ.