ಹಾಲು ಸಾಲದಿದ್ದರೆ ತಪ್ಪು ಯಾರದು?

ಗರ್ಭವತಿಯಾದ ದಿನದಿಂದ ಹೆಣ್ಣಿನ ಮನಸ್ಸಿನಲ್ಲಿ ಎರಡು ಚಿಂತೆಗಳು ಮನೆ ಮಾಡುತ್ತವೆ. ಮಗು ಕೈಕಾಲು ನೆಟ್ಟಗಿದ್ದು ಹುಟ್ಟೀತೇ ಎಂಬುದು ಮೊದಲನೆಯದು. ಹೆರಿಗೆಯಾದೊಡನೆ ಅದು ಕರಗಿ ಎರಡನೆಯದು ತಲೆ ಎತ್ತುತ್ತದೆ: ನನ್ನ ಹಾಲು ಮಗುವಿಗೆ ಸಾಕಾಗುವುದೇ? ಅಂತರಸಂತೆಯ ಸುತ್ತಿನ ಊರುಗಳಲ್ಲಿ ಬಾಣಂತಿಯನ್ನು ಆಶೀರ್ವದಿಸಲು ಹೋದರೆ ಅವಳಾಗಿ ಬಾಯಿಬಿಟ್ಟು ಇದನ್ನು ಹೇಳುವುದು ಕಡಿಮೆ. ಪಕ್ಕದಲ್ಲಿ ಕುಳಿತ ಅತ್ತೆಯೋ ಚಿಕ್ಕಮ್ಮನೋ ಹೇಳಿಬಿಡುತ್ತಾರೆ: "ಏನ್ ಮಾಡದು ಸ್ವಾಮಿ, ಇವಳಿಗೆ ಹಾಲೇ ಇಲ್ಲ." ಹೇಳುವವರಿಗೆ ಅದು ಬರೀ ಸುದ್ದಿ. ತಲೆ ತಗ್ಗಿಸಿ ಕುಳಿತ ಆ ಹುಡುಗಿಗೆ ಅದು ತೀರ್ಪು.

ಹೆರದವನು, ಹಾಲೂಡಿಸದವನು ಇದನ್ನೇಕೆ ಬರೆಯುತ್ತಾನೆ ಎಂದು ತಾಯಂದಿರು ನಗಬಹುದು. ನಗಲಿ. ಆದರೆ ತಪ್ಪು ಮಾಡದವಳ ತಲೆಯ ಮೇಲೆ ತಪ್ಪು ಹೊರಿಸುವಾಗ ಗುರುವಾದವನು ಸುಮ್ಮನಿರಲಾಗದು.

ನೀತಿಶಾಸ್ತ್ರದಲ್ಲಿ ಹಳೆಯದೊಂದು ಸೂತ್ರವುಂಟು. ಶಕ್ತಿಗೆ ಮೀರಿದ್ದಕ್ಕೆ ಯಾರೂ ಬಾಧ್ಯರಲ್ಲ ಎಂಬುದು ಅದರ ತಾತ್ಪರ್ಯ. ಮಗುವಿಗೆ ಹಾಲೂಡಿಸುವುದು ತಾಯಿಯ ಕರ್ತವ್ಯವೆಂದೇ ಇಟ್ಟುಕೊಳ್ಳೋಣ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ಆರು ತಿಂಗಳು ತುಂಬುವವರೆಗೆ ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಒಳ್ಳೆಯ ಮಾತೇ. ಆದರೆ ಆ ಕರ್ತವ್ಯವನ್ನು ನಡೆಸುವ ಶಕ್ತಿ ಅವಳಿಗೆ ಎಲ್ಲಿಂದ ಬರಬೇಕು? ಹಾಲು ಆಕಾಶದಿಂದ ಬಿದ್ದ ಮನ್ನವಲ್ಲವಲ್ಲ! ಹಾಲೂಡಿಸುವ ತಾಯಿಗೆ ದಿನವೂ 500 ಕ್ಯಾಲೋರಿಯಷ್ಟಾದರೂ ಹೆಚ್ಚಿನ ಆಹಾರ ಬೇಕು. ಮಗು ಚೀಪಿದಷ್ಟೂ ಹಾಲು ಊರುತ್ತದೆ. ತಾಯಿ ಹೆದರಿದರೆ, ನೊಂದರೆ, ದಣಿದರೆ ಊರಿದ ಹಾಲೂ ಸಲೀಸಾಗಿ ಇಳಿಯುವುದಿಲ್ಲ. ಎಂದಮೇಲೆ "ಹಾಲಿಲ್ಲ, ಹಾಲಿಲ್ಲ" ಎಂಬ ಮಾತೇ ಹಾಲಿಗೆ ಅಡ್ಡಗಾಲು.

ನಮ್ಮ ಮನೆಗಳ ಒಂದು ವಿಚಿತ್ರ ನೋಡಿ. ಹಸು ಕರು ಹಾಕಿದರೆ ಗಿಣ್ಣದ ಹಾಲನ್ನು ಒಂದು ಹನಿಯೂ ಚೆಲ್ಲುವುದಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೂ ಹಂಚುತ್ತೇವೆ. ಹೆಂಗಸಿನ ಮೊದಲ ಹಾಲನ್ನು ಮಾತ್ರ, ಹಳದಿಯಾಗಿದೆ, ಮಗುವಿಗೆ ಆಗದು ಎಂದು ಹಿಂಡಿ ಚೆಲ್ಲಿಸಿ, ಕೂಸಿನ ಬಾಯಿಗೆ ಸಕ್ಕರೆ ನೀರೋ ಜೇನೋ ಸವರುವ ಪದ್ಧತಿ ಬೆಳೆದುಬಂದಿತ್ತು. ನರ್ಸಮ್ಮಂದಿರು, ಆಶಾ ಕಾರ್ಯಕರ್ತೆಯರು ಹೇಳಿ ಹೇಳಿ ಅದು ಈಗ ತಗ್ಗಿದೆ. ಅವರಿಗೆ ಪುಣ್ಯ ಬರಲಿ. ರೋಗ ತಡೆಯುವ ಶಕ್ತಿ ತುಂಬಿದ ಆ ಹಾಲು ಮೊದಲ ದಿನ ಬರುವುದೇ ಕೆಲವು ಚಮಚ. ಎಳೆಗೂಸಿನ ಹೊಟ್ಟೆಗೆ ಅಷ್ಟೇ ಸಾಕು. ಅದನ್ನು ನೋಡಿಯೇ ಎಷ್ಟೋ ಕಡೆ "ಹಾಲೇ ಇಲ್ಲ" ಎಂಬ ಮಾತು ಹುಟ್ಟುವುದು.

ಹಿರಿಯರ ಬಾಣಂತನವನ್ನು ನಾನು ಹಳಿಯುತ್ತಿಲ್ಲ. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಕೊಬ್ಬರಿ ಬೆಲ್ಲ, ಬಿಸಿನೀರಿನ ಎರೆತ ಇವೆಲ್ಲ ಅಕ್ಕರೆಯಿಂದ ಬಂದವು. ಆದರೆ ಹೊಟ್ಟೆ ದಪ್ಪವಾಗುತ್ತದೆಂದು ಬಾಣಂತಿಗೆ ನೀರನ್ನೇ ಬಿಗಿಹಿಡಿದರೆ ಅದು ಪಥ್ಯವಲ್ಲ, ಶಿಕ್ಷೆ. ತಪಸ್ಸುಕಾಲದಲ್ಲೂ ಧರ್ಮಸಭೆ ಗರ್ಭಿಣಿಗೆ, ಹಾಲೂಡಿಸುವ ತಾಯಿಗೆ ಉಪವಾಸದ ಕಟ್ಟುಪಾಡು ಹಾಕುವುದಿಲ್ಲ. ಧರ್ಮಸಭೆ ಕೊಟ್ಟ ವಿನಾಯಿತಿಯನ್ನು ನಮ್ಮ ಅಡಿಗೆಮನೆಗಳು ಕಿತ್ತುಕೊಳ್ಳುತ್ತವೆ. ಗಂಡಸರು, ಮಕ್ಕಳು, ಅತ್ತೆ ಎಲ್ಲರೂ ಉಂಡೆದ್ದ ಮೇಲೆ ಬಸುರಿ ಸೊಸೆ ಪಾತ್ರೆಯ ತಳ ಕೆರೆಯುವ ಮನೆಗಳು ಇಂದಿಗೂ ಇವೆ.

ಪವಿತ್ರ ಗ್ರಂಥದಲ್ಲಿ ಹನ್ನಳ ಕಥೆ ನಮಗೆಲ್ಲ ಗೊತ್ತು. ಕಣ್ಣೀರಿಟ್ಟು ಪಡೆದ ಸಮುವೇಲನನ್ನು ಅವಳು ದೇವರಿಗೆ ಒಪ್ಪಿಸಿದ್ದನ್ನು ಪ್ರಸಂಗಗಳಲ್ಲಿ ಹೇಳುತ್ತೇವೆ. ಅದಕ್ಕೂ ಮೊದಲಿನ ಒಂದು ಸಂಗತಿಯನ್ನು ಬಿಟ್ಟುಬಿಡುತ್ತೇವೆ. ವರ್ಷದ ಬಲಿಯರ್ಪಣೆಗೆ ಮನೆಯವರೆಲ್ಲ ಶಿಲೋವಿಗೆ ಹೊರಟಾಗ, ಮಗು ಮೊಲೆ ಬಿಡುವತನಕ ತಾನು ಬರುವುದಿಲ್ಲವೆಂದಳು ಹನ್ನ. ಗಂಡ ಎಲ್ಕಾನ ಅವಳ ಇಷ್ಟದಂತೆಯೇ ಆಗಲಿ ಎಂದ. ದೇವರ ಆಲಯಕ್ಕೆ ಹೋಗುವುದನ್ನೇ ಹಾಲೂಡಿಸುವ ಕೆಲಸಕ್ಕಾಗಿ ಮುಂದಕ್ಕೆ ಹಾಕಬಹುದಾದರೆ, ಕಳೆ ಕೀಳುವುದನ್ನು ಹಾಕಬಾರದೇ? ಮೋಶೆಯ ತಾಯಿಯದು ಇನ್ನೂ ಸೋಜಿಗ. ಫರೋಹನ ಮಗಳು ಆಕೆಯ ಮಗನನ್ನೇ ಆಕೆಯ ಕೈಗಿಟ್ಟು, ಹಾಲೂಡಿಸಲು ಕೂಲಿ ಗೊತ್ತುಮಾಡಿದಳು. ಆಕೆ ಮಗುವಿನ ಹೆತ್ತಮ್ಮನೆಂದು ರಾಜಕುಮಾರಿಗೆ ತಿಳಿಯದು, ನಿಜ. ಆದರೂ ಹಾಲೂಡಿಸುವುದು ಕೂಲಿಗೆ ತಕ್ಕ ದುಡಿಮೆಯೆಂದು ಆಕೆಗೆ ತಿಳಿದಿತ್ತು.

ನಮಗೆ ತಿಳಿದಿದೆಯೇ? 2017ರ ತಿದ್ದುಪಡಿಯಿಂದ ಹೆರಿಗೆಯ ಸಂಬಳಸಹಿತ ರಜೆ 26 ವಾರಕ್ಕೆ ಏರಿತು. ಕಚೇರಿ, ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಅದು ಸಂದಿತು. ಹತ್ತಿ ಬಿಡಿಸುವವಳಿಗೆ, ಶುಂಠಿ ಹೊಲದಲ್ಲಿ ಬಗ್ಗಿದವಳಿಗೆ, ಕಾಫಿ ಕೊಯ್ಲಿಗೆ ಕೊಡಗಿನ ದಾರಿ ಹಿಡಿಯುವ ಹಾಡಿಯ ತಾಯಿಗೆ ಕೆಲಸಕ್ಕೆ ಹೋಗದ ದಿನ ಕೂಲಿಯಿಲ್ಲ. ಹೊತ್ತು ಮುಳುಗುವವರೆಗೆ ಎದೆ ಕಟ್ಟಿಕೊಂಡು ನೋಯುತ್ತದೆ, ಮನೆಯಲ್ಲಿ ಕೂಸು ಅಳುತ್ತದೆ. ನಾಲ್ಕು ದಿನ ಹೀಗಾದರೆ ಹಾಲು ತಾನಾಗಿ ಬತ್ತುತ್ತದೆ. ಆಗ ಅವಳನ್ನು ದೂರುವುದು ಯಾವ ನ್ಯಾಯ?

2017ರಲ್ಲೇ ಸರ್ಕಾರ ಮಾತೃಪೂರ್ಣ ಯೋಜನೆ ತಂದಾಗ ಪ್ರಯೋಗಕ್ಕೆಂದು ಮೊದಲು ಆರಿಸಿಕೊಂಡ ಕೆಲವೇ ತಾಲ್ಲೂಕುಗಳಲ್ಲಿ ನಮ್ಮ ಹೆಗ್ಗಡದೇವನಕೋಟೆಯೂ ಒಂದು. ಆ ವರ್ಷದ ಅಕ್ಟೋಬರ್ 2ರಿಂದ ಅದು ರಾಜ್ಯಕ್ಕೆಲ್ಲ ಬಂತು. ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ: ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ. ಎಣಿಸಿದ್ದು ಸರಿಯಾಗಿತ್ತು. ಆದರೆ ಅಲ್ಲಿಗೇ ಬಂದು ಉಣ್ಣಬೇಕೆಂಬ ನಿಯಮ ಒಂದು ಕಡೆ, ಬಾಣಂತಿ ಹೊಸಿಲು ದಾಟಬಾರದೆಂಬ ಕಟ್ಟಳೆ ಇನ್ನೊಂದು ಕಡೆ. ಒಲೆ ಉರಿದರೂ ತಟ್ಟೆ ಬೇಕಾದವಳಿಗೆ ಮುಟ್ಟದೆ ಹೋದದ್ದುಂಟು. ಸರ್ಕಾರ ನಿಯಮ ತಿದ್ದಲಿ ಎಂದು ಕಾಯುವಷ್ಟು ದೊಡ್ಡ ಸಮಸ್ಯೆಯೇ ಅದು? ನೆರೆಮನೆಯವರೊಬ್ಬರು ಊಟದ ಡಬ್ಬಿ ಹಿಡಿದು ಹೋಗಿ ಕೇಳಿದರೆ ಯಾವ ಅಂಗನವಾಡಿ ಅಮ್ಮನ ಕರುಳು ಇಲ್ಲವೆನ್ನುತ್ತದೆ?

ಇಷ್ಟೆಲ್ಲ ಆರೈಕೆ ಸಿಕ್ಕರೂ ಹಾಲು ಸಾಲದ ತಾಯಂದಿರು ಕೆಲವರಿದ್ದಾರೆ. ಕಾಯಿಲೆ ಇರಬಹುದು, ಔಷಧಿ ಇರಬಹುದು, ಕಾರಣ ತಿಳಿಯದೆಯೂ ಇರಬಹುದು. 2015ರ ಜನವರಿಯಲ್ಲಿ ವ್ಯಾಟಿಕನ್ನಿನ ಸಿಸ್ಟೀನ್ ದೇವಾಲಯದಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವಾಗ, ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಅಲ್ಲೇ ಕುಳಿತು ಹಾಲೂಡಿಸಿ ಎಂದು ತಾಯಂದಿರಿಗೆ ಹೇಳಿದರು. ಹಾಲಿಗಾಗಿ ದೇವರಿಗೆ ವಂದಿಸುತ್ತ, ಮಕ್ಕಳಿಗೆ ಉಣಿಸಲಾಗದ ತಾಯಂದಿರಿಗಾಗಿಯೂ ಪ್ರಾರ್ಥಿಸಲು ಕೇಳಿಕೊಂಡರು. ಹಾಲಿನ ಪುಡಿಯ ಡಬ್ಬಿಯ ಮೇಲೆ ಮುದ್ದು ಮಗುವಿನ ಚಿತ್ರ ಹಾಕಬಾರದೆಂದು 1992ರ ಕಾನೂನು ವ್ಯಾಪಾರಿಗೆ ಬೇಲಿ ಹಾಕಿತು. ವೈದ್ಯರು ಹೇಳಿ ಪುಡಿ ಕಲಸುವ ತಾಯಿ ಅದರಿಂದ ಪಾಪಿಯಾಗುವುದಿಲ್ಲ. ನೀರು ಕುದಿಸಿರಲಿ, ಅಳತೆ ಸರಿಯಾಗಿರಲಿ. ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ವಾಸಿ, ತೊಳೆಯುವುದು ಸುಲಭ. ಒಳಲೆಯಲ್ಲಿ ಕುಡಿಸಲು ಅಪ್ಪನ ಕೈಗೂ ಬರುತ್ತದೆ, ಅತ್ತೆಯ ಕೈಗೂ ಬರುತ್ತದೆ. ಅಷ್ಟು ಹೊತ್ತು ಆ ಹುಡುಗಿ ಮಲಗಲಿ.